ಹಂಸನ ಗೋಧಿಬಣ್ಣದ ಮಕ್ಕಳು

ನಿಲಂಗಾದಿಂದ ಉದಗೀರಕ್ಕೆ ಹೋಗುವ ದಾರಿಯಲ್ಲಿ ಡಾಂಬರು ಬಿಟ್ಟು ಎಡಕ್ಕೆ ಇಳಿದರೆ ಒಂದು ಸಣ್ಣ ಊರು. ಅಲ್ಲಿ ರೇವಣಸಿದ್ಧಯ್ಯನ ಮನೆ ಎಲ್ಲಿ ಎಂದು ಕೇಳಿದರೆ, "ಕುದುರಿ ಅಯ್ಯನ ಮನೀನಾ?" ಎಂದು ತಿರುಗಿ ಕೇಳಿ ಕೈ ತೋರಿಸುತ್ತಾರೆ. ಐವತ್ತೆಂಟು ವರ್ಷದ ಈ ಜಂಗಮನಿಗೆ ಒಂದು ಕಾಲಕ್ಕೆ ಆ ಹೆಸರು ಹೆಮ್ಮೆಯಾಗಿತ್ತು. ಈಗ ಅದನ್ನು ಕೇಳಿದರೆ ಮೊದಲು ನೆನಪಾಗುವುದು ಸೊಂಟನೋವು.

ಈ ಶ್ರಾವಣದವರೆಗೆ ಅಂಗಳದಲ್ಲಿ ಆರು ಕುದುರೆಗಳಿದ್ದವು. ಅವನು ಬೇಕೆಂದು ಸಾಕಿದ್ದು ಒಂದೇ, ಹಂಸ. ಹಾಲಿನ ಕೆನೆಯಂಥ ಮೈ, ಗುಲಾಬಿ ಮೂಗು, ನೀಲಿ ಕಣ್ಣಿನ ಗಂಡು. ಹನ್ನೆರಡು ವರ್ಷದ ಹಿಂದೆ ಒಂದು ಮಠದ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದಾಗ, ನೋಡಿಕೊಳ್ಳುವವರಿಲ್ಲವೆಂದು ಎರಡು ವರ್ಷದ ಮರಿಯನ್ನು ಇವನ ಕೈಗೆ ಕೊಟ್ಟಿದ್ದರು. ಉಳಿದ ಐದು ತಾವಾಗಿ ಬಂದು ಸೇರಿದವು ಎನ್ನಬೇಕು. ಒಂದರ ಮೊಣಕಾಲು ಬಾತಿದೆ. ಒಂದಕ್ಕೆ ಬಲಗಣ್ಣಿಲ್ಲ. ಮೂರಕ್ಕೆ ಬಣ್ಣವೊಂದು ಬಿಟ್ಟರೆ ಬೇರೆ ದೋಷವೇ ಇಲ್ಲ. ಬೆಳಗಾಗುವ ಮುಂಚೆ ಯಾರೋ ಗೂಟಕ್ಕೆ ಕಟ್ಟಿ ಹೋಗಿರುತ್ತಾರೆ. ಅಯ್ಯನವರ ಮನೆಗೆ ಬಿಟ್ಟರೆ ಪಾಪ ಹತ್ತುವುದಿಲ್ಲ ಎಂಬ ನಂಬಿಕೆ ಸುತ್ತಲಿನ ಊರುಗಳಲ್ಲಿ ಬೇರೂರಿದೆ.

ಐದೂ ಹಂಸನ ಮಕ್ಕಳೇ.

ಮದುವೆಯಲ್ಲಿ ವರನನ್ನು ಕೂರಿಸಲು ಎಲ್ಲರಿಗೂ ಬಿಳಿ ಕುದುರೆ ಬೇಕು. ಹೀಗಾಗಿ ಉಮರ್ಗಾ, ಲೋಹಾರಾ, ದೇವಣಿ ಕಡೆಯಿಂದ ಜನ ತಮ್ಮ ಕಂದು ಹೆಣ್ಣುಕುದುರೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹಂಸನ ಹತ್ತಿರ ಬರುತ್ತಿದ್ದರು. ಪಂಚಾಂಗ ನೋಡಿ ಒಳ್ಳೆಯ ವೇಳೆ ಹೇಳುವವನೂ ರೇವಣಸಿದ್ಧಯ್ಯನೇ, ಗಂಡನ್ನು ಬಿಡುವವನೂ ಅವನೇ. ಬಡಕಲು ಹೆಣ್ಣು ಬಂದರೂ ಬಿಟ್ಟ, ಇನ್ನೂ ಹಲ್ಲು ತುಂಬದ ಎಳೆಯದು ಬಂದರೂ ಬಿಟ್ಟ. ಅವನ ಅಜ್ಜ ಹೇಳಿಹೋದ ಮಾತೊಂದಿತ್ತು: "ಮನಿ ಮನಿ ಬಾಗಿಲದಾಗ ನಿಂತು ಜೋಳಿಗಿ ಒಡ್ಡೋರು ನಾವು. ನಮ್ಮ ಬಾಗಿಲಕ್ಕ ಬಂದೋರಿಗಿ ಇಲ್ಲ ಅನ್ನಬಾರ್ದು." ಅಜ್ಜ ಹೇಳಿದ್ದು ಅನ್ನ ನೀರಿನ ಮಾತು. ಮೊಮ್ಮಗ ಅದನ್ನು ಕುದುರೆಗೂ ಹಚ್ಚಿಕೊಂಡ.

ಹುಟ್ಟಿದ ಮರಿಗಳೆಲ್ಲ ಗೋಧಿಬಣ್ಣದವು. ಯಾಕೆಂದು ಅವನಿಗೆ ಗೊತ್ತಾದದ್ದು ಹೋದ ವರ್ಷ. ಬಾತ ಮೊಣಕಾಲು ನೋಡಲು ಬಂದ ಪಶುವೈದ್ಯೆ ಉಜ್ವಲಾ, ಕಂದು ಹೆಣ್ಣಿಗೆ ಇಂಥ ಗಂಡಿನಿಂದ ಬಿಳಿ ಮರಿ ಹುಟ್ಟುವುದೇ ಇಲ್ಲ, ನೂರು ಸಲ ಬಿಟ್ಟರೂ ಅಷ್ಟೇ, ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದಳು. ಅವನು ಕಟ್ಟೆಯ ಮೇಲೆ ಕುಳಿತು ಎಷ್ಟು ಹೆಣ್ಣು ಬಂದಿದ್ದವೆಂದು ನೆನಪು ಮಾಡಿಕೊಳ್ಳತೊಡಗಿದ. ನಲವತ್ತರವರೆಗೆ ನೆನಪಾದವು. ಅವುಗಳ ಮರಿಗಳಲ್ಲಿ ಐದು ಇಲ್ಲಿವೆ. ಮಿಕ್ಕವು ಎಲ್ಲಿ?

ಹೆಂಡತಿ ನೀಲಾಬಾಯಿ ಮೇವು ಕತ್ತರಿಸುತ್ತ ಅಂದಳು, "ನಿಮಗ ಇಲ್ಲ ಅನ್ನಲಿಕ್ಕಿ ಬರೂದು ನನ್ನ ಮುಂದ ಒಂದೇ."

ಮಿಕ್ಕವುಗಳಲ್ಲಿ ಒಂದು ಈ ಶ್ರಾವಣದಲ್ಲಿ ಕಣ್ಣಿಗೆ ಬಿತ್ತು. ಮಾಕಣಿಯಲ್ಲಿ ಒಂದು ಮನೆಯ ಶಾಂತಿ ಮುಗಿಸಿ, ಅಣೆಕಟ್ಟಿನ ಹಿನ್ನೀರಿನ ಬದಿಯಿಂದ ಬರುತ್ತಿದ್ದ. ಹುಲ್ಲಿನಲ್ಲಿ ಎರಡು ವರ್ಷದ ಗೋಧಿಬಣ್ಣದ ಮರಿ ನಿಂತಿತ್ತು. ದೂರ ಹೋಗದಿರಲೆಂದು ಯಾರೋ ಮುಂಗಾಲೆರಡನ್ನೂ ನೈಲಾನ್ ಹಗ್ಗದಿಂದ ಕಟ್ಟಿ ಬಿಟ್ಟು ಹೋಗಿದ್ದರು. ಹಗ್ಗ ಮಾಂಸದೊಳಗೆ ಇಳಿದಿತ್ತು. ಮುಖ ಥೇಟ್ ಹಂಸನದು. ಅದು ಅವನನ್ನು ನೋಡಿ ಓಡಲಿಲ್ಲ, ಹತ್ತಿರವೂ ಬರಲಿಲ್ಲ. ಬಾಡಿಗೆ ಟೆಂಪೋದಲ್ಲಿ ಅದನ್ನು ಮನೆಗೆ ತಂದ. ಅಂಗಳದಲ್ಲಿ ಏಳನೆಯದು ಅದೇ. ಮರುದಿನವೇ ಉಜ್ವಲಾಗೆ ಫೋನ್ ಮಾಡಿ ಹಂಸನ ಬೀಜ ತೆಗೆಸಲು ಗುರುವಾರ ಗೊತ್ತುಮಾಡಿದ.

ಬುಧವಾರ ಸಂಜೆ ಶುಭಂ ಬಂದ.

ಶುಭಂ ಊರಾಚೆಯ ತೋಟದ ಮನೆಯವನು, ಪ್ರಯಾಗಬಾಯಿಯ ಮೊಮ್ಮಗ. ಆ ಒಕ್ಕಲು ಮೂರು ತಲೆಮಾರಿನಿಂದ ಇವರ ಭಕ್ತರು. ರೇವಣಸಿದ್ಧಯ್ಯ ಹುಟ್ಟಿದಾಗ ತೊಟ್ಟಿಲು ಕೊಟ್ಟದ್ದೂ ಅದೇ ಮನೆ. ಶುಭಂ ಹಗ್ಗ ಹಿಡಿದು ತಂದದ್ದು ತಮ್ಮ ಮನೆಯಲ್ಲೇ ಹುಟ್ಟಿದ ಎರಡೂವರೆ ವರ್ಷದ ಗೋಧಿಬಣ್ಣದ ಹೆಣ್ಣು.

"ಅಯ್ಯನೋರ, ಬೆದಿಗಿ ಬಂದದ. ಹಂಸಗ ಬಿಡ್ರಿ."

"ಇದು ಹಂಸನ ಮಗಳು ಅಲ್ಲೇನೋ?"

"ಅದಕ್ಕೇ ತಂದೀನ್ರಿ. ಮೊಬೈಲ್‌ನ್ಯಾಗ ನೋಡೀನಿ. ಗೋಧಿಬಣ್ಣದ ಮಗಳ್ನ ತಿರುಗಿ ಅಪ್ಪಗೇ ಬಿಟ್ರ ಎರಡರಾಗ ಒಂದು ಬಿಳಿ ಹುಟ್ತದ. ಏಕದಂ ಬಿಳಿ."

ಅದು ಸುಳ್ಳಲ್ಲ. ಉಜ್ವಲಾ ಕೂಡ ಹಾಗೆ ಆಗಬಹುದೆಂದು ಹೇಳಿ, ಹಾಗೆ ಮಾಡಬಾರದೆಂದೂ ಹೇಳಿದ್ದಳು.

"ಎರಡರಾಗ ಒಂದು," ಅಂದ ರೇವಣಸಿದ್ಧಯ್ಯ. "ಇನ್ನೊಂದು ಎಲ್ಲಿ ಹೋಗ್ತದ?"

ಶುಭಂ ಅಂಗಳದ ಕಡೆ ನೋಡಿ ನಕ್ಕ. "ನೀವು ಇದ್ದೀರಲ್ರಿ."

ತಮಾಷೆಯ ಮಾತೇ. ಆದರೆ ರೇವಣಸಿದ್ಧಯ್ಯ ಅಂಗಳದ ಕುದುರೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಶುಭಂನ ಕಡೆ ತಿರುಗಿದ.

"ನಿಮ್ಮ ಕೊಟ್ಟಿಗ್ಯಾಗ ದೇವಣಿ ಜಾತಿ ಹೋರಿ ಅದ. ಅದಕ್ಕ ಅದರ ಮಗಳ್ನ ಎಂದಾರ ಬಿಟ್ಟೀರೇನು? ನಿಮ್ಮಜ್ಜ ಯಾವ ಕರ ಯಾವ ಹೋರಿದು ಅಂತ ಗುರುತು ಇಟ್ಕೊಂಡು ಹೋರಿ ಬದಲ ಮಾಡ್ತಿದ್ದ."

"ಹೋರಿ ಬ್ಯಾರೆ ರೀ, ಕುದುರಿ ಬ್ಯಾರೆ. ಕುದುರಿಗಿ ಬಣ್ಣಕ್ಕೇ ಕಿಮ್ಮತ್ತು."

"ಇಲ್ಲ, ಶುಭಂ."

ಹುಡುಗನಿಗೆ ಅರ್ಥವಾಗಲಿಲ್ಲ. "ನಾಳಿ ತರ್ಲಿ?"

"ನಾಳಿನೂ ಇಲ್ಲ. ನಾಳಿ ಅದರ ಬೀಜ ತೆಗಸ್ತೀನಿ."

ಶುಭಂನ ಮುಖ ಕೆಂಪಾಯಿತು. "ಊರಿಗೆಲ್ಲ ಬಿಟ್ರಿ. ಉಮರ್ಗಾದೋರಿಗಿ ಬಿಟ್ರಿ, ಗುರುತಿಲ್ಲದೋರಿಗಿ ಬಿಟ್ರಿ. ನಮ್ಮ ಮನಿಗೀ ಇಲ್ಲ ಅಂದ್ರಿ. ಹಂಗಾದ್ರ ಇದನ್ನೂ ನೀವೇ ಇಟ್ಕೋರಿ." ಹಗ್ಗವನ್ನು ಬೇಲಿಗೆ ಸುತ್ತಿ ಹೊರಟೇಬಿಟ್ಟ.

ನೀಲಾಬಾಯಿ ಬಾಗಿಲಲ್ಲಿ ನಿಂತಿದ್ದಳು. "ಎಂಟು ಆದವು," ಅಂದಳು. ಆಮೇಲೆ ಆ ಹೆಣ್ಣಿಗೆ ನೀರಿಟ್ಟಳು.

ಬೆಳಿಗ್ಗೆ ರೇವಣಸಿದ್ಧಯ್ಯ ಅದರ ಹಗ್ಗ ಬಿಚ್ಚಿಕೊಂಡು ತೋಟದ ದಾರಿ ಹಿಡಿದ. ತನ್ನ ಬಾಗಿಲಿಗೆ ಬಂದ ಕುದುರೆಯನ್ನು ತಿರುಗಿ ಒಯ್ದದ್ದು ಅದೇ ಮೊದಲು. ಹೆಜ್ಜೆ ಹೆಜ್ಜೆಗೂ ತಿರುಗಿ ಹೋಗಿಬಿಡೋಣ ಅನ್ನಿಸುತ್ತಿತ್ತು. ಇಟ್ಟುಕೊಳ್ಳುವುದು ಅವನಿಗೆ ಯಾವತ್ತೂ ಸುಲಭದ ಕೆಲಸ.

ಪ್ರಯಾಗಬಾಯಿ ಸೆರಗು ತಲೆ ಮೇಲೆ ಹೊದ್ದು ಪಾದ ಮುಟ್ಟಲು ಬಗ್ಗಿದಳು. ಅವನು ತಡೆದು, ನಡೆದದ್ದನ್ನು ನಡೆದಂತೆ ಹೇಳಿದ. ಮುದುಕಿ ಬಹಳ ಹೊತ್ತು ಕುದುರೆಯ ಹಲ್ಲು, ಸೊಂಟ ನೋಡುತ್ತ ನಿಂತಳು.

"ಅಪ್ಪಗ ಮಗಳ್ನ ಬಿಡೋದು ತಪ್ಪೇ ರೀ. ದನಾ ಕಾಯೋರಿಗಿ ಇದು ಹೇಳಿಸ್ಕೋಬೇಕೇನು," ಅಂದಳು. "ಖರೇ ಅಯ್ಯನೋರ, ಇದರ ತಾಯಿನೂ ಹಲ್ಲು ತುಂಬಲಾರದಾಗೇ ಬಂದಿತ್ತು. ಆವಾಗ ನೀವು ಏನೂ ಅನ್ನಲಿಲ್ಲ."

"ಅನ್ನಲಿಲ್ಲ. ಅನ್ನಬೇಕಿತ್ತು."

"ಹೆಣ್ಣು ನಮ್ಮದು. ಇಲ್ಲೇ ಇರ್ತದ, ನಮ್ಮ ದನದ ಜೋಡಿ. ಯಾವ ಗಂಡಿಗೂ ಬಿಡಂಗಿಲ್ಲ." ಹಗ್ಗ ಕೈಗೆ ತೆಗೆದುಕೊಂಡಳು. ಕುದುರೆಯ ಕುತ್ತಿಗೆ ಸವರುತ್ತ ಅಂದಳು, "ಸೋಮವಾರದ ಪೂಜಿಗಿ ಸದ್ಯ ಬರಬ್ಯಾಡ್ರಿ. ಶುಭಂ ಸಿಟ್ಟಿನ್ಯಾಗ ಅದಾನ. ಮನ್ಯಾಗ ಮಾತು ಬೆಳೀತದ."

ಅವನು ತಲೆಯಾಡಿಸಿದ. ಬರಿಗೈಯಲ್ಲಿ ತಿರುಗಿ ಬರುವಾಗ ದಾರಿ ಹೋದದ್ದಕ್ಕಿಂತ ಉದ್ದ ಅನ್ನಿಸಿತು.

ಹನ್ನೊಂದಕ್ಕೆ ಉಜ್ವಲಾ ಬಂದಳು. ಮಂಪರಿನ ಮದ್ದು ಏರಿದ ಮೇಲೆ ಹಂಸ ಒಂದೊಂದೇ ಕಾಲು ಸಡಿಲಿಸಿ ಹುಲ್ಲಿನ ಮೇಲೆ ಒರಗಿತು. ರೇವಣಸಿದ್ಧಯ್ಯ ಅದರ ತಲೆ ತೊಡೆಯ ಮೇಲಿಟ್ಟುಕೊಂಡು, ನೀಲಿ ಕಣ್ಣಿಗೆ ಬಿಸಿಲು ಬೀಳದಂತೆ ಟವೆಲ್ ಹಿಡಿದ. ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ಬಾವು ಕಟ್ಟದಿರಲು ನಾಳೆಯಿಂದ ಬೆಳಿಗ್ಗೆ ಸಂಜೆ ನಡೆಸಬೇಕು, ಎರಡು ತಿಂಗಳು ಹೆಣ್ಣುಗಳ ಹತ್ತಿರ ಬಿಡಬಾರದು ಎಂದು ಹೇಳಿ ಅವಳು ಹೋದಳು.

ಮರುದಿನ ಸಂಜೆ ಅವನು ಹಂಸನನ್ನು ಊರ ದಾರಿಯಲ್ಲಿ ನಡೆಸುತ್ತಿದ್ದ. ಹಂಸ ಹಿಂಗಾಲು ಅಗಲಿಸಿ ನಿಧಾನವಾಗಿ ಹೆಜ್ಜೆ ಇಡುತ್ತಿತ್ತು. ಎರಡನೆಯ ಸುತ್ತಿಗೆ ನೀಲಾಬಾಯಿ ಬೇಲಿಯ ಹತ್ತಿರ ಬಂದಳು.

"ಪ್ರಯಾಗಬಾಯಿ ಏನಂದ್ಲು, ಹೇಳಲೇ ಇಲ್ಲ."

"ಸೋಮವಾರ ಬರಬ್ಯಾಡ ಅಂದ್ಲು."

ಅವಳು ಅಂಗಳದ ಕಡೆ ಕೈ ಮಾಡಿದಳು. "ಸೋಮವಾರ ಖಾಲಿ ಅದ ಅಂದ್ರ, ಮಾಕಣಿ ಮರಿದು ಗೊರಸು ಬೆಳದಾವ. ಉದಗೀರಕ್ಕ ಒಯ್ದು ಕಡಸ್ಕೊಂಡು ಬರ್ರಿ."

"ಹೂಂ," ಅಂದ ಅವನು. ಹಂಸ ನಿಂತಿತ್ತು. ಅದು ತಾನಾಗಿ ಮುಂದಿನ ಹೆಜ್ಜೆ ಇಡುವವರೆಗೆ ಅವನೂ ಹಗ್ಗ ಸಡಿಲ ಬಿಟ್ಟು ನಿಂತುಕೊಂಡ.