ಗುಲಾಬಿ ನೀರಿಗೆ ಸಹಿ ಹಾಕದವರು

ನಮ್ಮ ಕೆಮಿಸ್ಟ್ರಿ ಸರ್ ಅವರ ಎಡ ಹುಬ್ಬು ಅರ್ಧವೇ ಇತ್ತು. ಜರ್ಮನಿಯಲ್ಲಿ ಓದುವಾಗ ಗಾಜಿನ ಭಟ್ಟಿಯೊಳಗೆ ಇಣುಕಲು ಹೋಗಿ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಅಲ್ಲಿನ ಪ್ರಾಧ್ಯಾಪಕರು ವಾರಕ್ಕೆ ಎರಡು ದಿನ ಕಾರ್ಖಾನೆಗೆ ಹೋಗಿ ಕೆಲಸಗಾರರ ಜೊತೆ ನಿಲ್ಲುತ್ತಿದ್ದರೆಂದು ಹೇಳುವಾಗ ಸರ್ ದನಿ ಏರುತ್ತಿತ್ತು. "ನಾವು ಪ್ರಬಂಧ ಬರದು ಕಪಾಟಿನಾಗ ಇಡ್ತೀವಿ. ಅದು ಹೊರಗ ನಡಿಯೂದು ಯಾವಾಗ?"

ಸರ್ ಧಾರವಾಡದವರು. ಪುಣೆಯ ಕಾಲೇಜಿನಲ್ಲಿ ಅವರು ಕನ್ನಡ ಮಾತಾಡುತ್ತಿದ್ದದ್ದು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದ ನನ್ನೊಬ್ಬಳ ಜೊತೆ.

ಎರಡನೇ ಮಹಾಯುದ್ಧ ಶುರುವಾದಾಗ ಇಂಜೆಕ್ಷನ್ ಔಷಧ ತುಂಬುವ ಗಾಜಿನ ಕೊಳವೆಗಳು ಜರ್ಮನಿಯಿಂದ ಬರುವುದು ನಿಂತಿತು. ಬಾಟಲಿಯ ಗಾಜು ಅದಕ್ಕೆ ಆಗದು. ಅದರ ಕ್ಷಾರ ಇಳಿದು ಔಷಧ ಕೆಡುತ್ತದೆ. ಎರಡು ವರ್ಷ ಒದ್ದಾಡಿ ಸರ್ ಕ್ಷಾರ ಬಿಡದ ಗಾಜು ಮಾಡಿದರು. ಪರೀಕ್ಷೆ ಸರಳ. ಕೊಳವೆಗೆ ನೀರು, ಒಂದು ಹನಿ ಸೂಚಕ ದ್ರಾವಣ ಹಾಕಿ, ಬಾಯಿ ಮುಚ್ಚಿ ಹಬೆಯಲ್ಲಿ ಬೇಯಿಸಬೇಕು. ಕ್ಷಾರ ಇಳಿದರೆ ನೀರು ಗುಲಾಬಿಯಾಗುತ್ತದೆ. ನಮ್ಮದು ತಿಳಿಯಾಗೇ ಉಳಿಯಿತು.

ಪುಣೆಯ ಹೊರಗೆ, ಹಡಪಸರದ ಆಚೆ ಒಂದು ಗಾಜಿನ ಕಾರ್ಖಾನೆಯಿತ್ತು. ಅದರ ಮಾಲೀಕರು ಬೆಳಗಾವಿ ಕಡೆಯವರು. ಸರ್ ವಿಧಾನವನ್ನೆಲ್ಲ ಕೆಲಸಗಾರರಿಗೆ ತಿಳಿಯುವಂತೆ ಮರಾಠಿಯಲ್ಲಿ ನಾಲ್ಕು ಹಾಳೆ ಬರೆದು ಅವರಿಗೆ ಕೊಟ್ಟರು. ಮಿಲಿಟರಿ ಆಸ್ಪತ್ರೆಯ ಆರ್ಡರ್ ಬಂತು. ಮಾಲು ಪೆಟ್ಟಿಗೆ ಸೇರಿ, ಲಾರಿ ಗೇಟಿಗೆ ಬಂದ ದಿನ ನಾನು ಹನ್ನೆರಡು ಕೊಳವೆ ತೆಗೆದು ಬೇಯಿಸಿದೆ. ಹನ್ನೆರಡೂ ಗುಲಾಬಿ.

"ಕಣ್ಣಿಗೆ ಕಾಣೂದಿಲ್ಲ, ಯಾರು ನೋಡ್ತಾರ್ರೀ ಸಾಹೇಬ್ರ?" ಎಂದರು ಮಾಲೀಕರು. "ಪರೀಕ್ಷಾದಾಗ ಪಾಸಾಗ್ಯಾವ ಅಂತ ಒಂದು ಸಹಿ ಹಾಕ್ರಿ. ಇಲ್ಲಾಂದ್ರ ಭಟ್ಟಿ ಆರ್ತದ, ಎಲ್ಲಾರೂ ಮನಿಗೆ ಹೋಗ್ತಾರ."

ಸರ್ ಪೆನ್ನನ್ನು ಜೇಬಿಗೆ ಸೇರಿಸಿದರು. "ಸಿಪಾಯಿ ನೋಡೂದಿಲ್ಲ, ಖರೆ. ಅವನ ರಕ್ತ ನೋಡ್ತದ."

ಮಾಲೀಕರು ಎಂಟು ದಿನ ಕೊಟ್ಟರು. ಅಷ್ಟರೊಳಗೆ ಆಗದಿದ್ದರೆ ಹಳೆಯ ಬಾಟಲಿ ಕೆಲಸವೇ ಸಾಕು, ಕಾಲೇಜಿನವರು ಮತ್ತೆ ಕಾಲಿಡುವುದು ಬೇಡ ಎಂದರು.

ಸರ್ ರಜೆ ಹಾಕಿ ಭಟ್ಟಿಯ ಎದುರು ನಿಂತರು. ತೂಕ ನೋಡಿದರು, ಉರಿ ನೋಡಿದರು, ಎಲ್ಲ ಸರಿಯಿತ್ತು. ಎಂದೂ ಗದರದವರು ನನ್ನ ಮೇಲೆ ರೇಗಿದರು. ಐದನೆಯ ದಿನ ಬೆಳಿಗ್ಗೆ, ಭಟ್ಟಿ ನೋಡಿಕೊಳ್ಳುವ ಮುದುಕ ಹೊಸ ಮಿಶ್ರಣದ ಜೊತೆ ಒಂದು ಸಲಿಕೆ ಹಳೆ ಬಾಟಲಿ ಚೂರನ್ನೂ ಎಸೆಯುವುದು ಕಣ್ಣಿಗೆ ಬಿತ್ತು.

"ಅದೇನು?" ಸರ್ ಮರಾಠಿಯಲ್ಲಿ ಕೇಳಿದರು.

"ಚೂರು ಹಾಕದೆ ಗಾಜು ಬೇಗ ಕರಗುತ್ತದೆಯೇ, ಸಾಹೇಬ? ನನ್ನಪ್ಪನ ಕಾಲದಿಂದ ಹೀಗೇ."

ಮಾಲೀಕರು ಕೈಯೆತ್ತಿ ಮುದುಕನ ಮೇಲೆ ನುಗ್ಗಿದರು. ಸರ್ ನಡುವೆ ನಿಂತುಬಿಟ್ಟರು. "ಅಂವಗ ಕೈ ಹಚ್ಚಬ್ಯಾಡ್ರಿ! ಚೂರು ಹಾಕಬಾರದು ಅಂತ ನನ್ನ ನಾಕು ಹಾಳ್ಯಾಗ ಎಲ್ಲಿ ಅದ? ಪ್ರಯೋಗಶಾಲೆದಾಗ ಆ ರೂಢಿನ ಇಲ್ಲ, ನನಗ ಹೊಳಿಲಿಲ್ಲ. ತಪ್ಪು ನಂದು."

ಆಮೇಲೆ ಮುದುಕನಿಗೆ ಕೈಮುಗಿದರು. ವಿದೇಶದಲ್ಲಿ ಓದಿ ಬಂದ ಪ್ರಾಧ್ಯಾಪಕರು ಬನಿಯನ್ನಿನ ಕೂಲಿಯವನಿಗೆ ಕೈಮುಗಿದದ್ದನ್ನು ಇಡೀ ಕಾರ್ಖಾನೆ ಕೆಲಸ ನಿಲ್ಲಿಸಿ ನೋಡಿತು.

ಮುದುಕ ತಾನೇ ಗಾಜು ಕರಗಿಸುವ ಹೊಸ ಮೂಸೆ ಇಟ್ಟ. ಚೂರಿಲ್ಲದೆ ಕರಗಿಸಲು ಉರಿ ಎಷ್ಟು ಏರಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಅವನು ಹೇಳುತ್ತ ಹೋದ, ಸರ್ ಬರೆದುಕೊಳ್ಳುತ್ತ ಹೋದರು.

ಎಂಟನೆಯ ದಿನ ಮಧ್ಯಾಹ್ನ ಮಾಲು ಕೇಳಲು ಮಿಲಿಟರಿ ಅಧಿಕಾರಿಯ ಕಾರು ಅಂಗಳಕ್ಕೆ ಬಂದಾಗ ಕೊಳವೆಗಳಿನ್ನೂ ಹಬೆಯಲ್ಲಿದ್ದವು. "ನೀನ ತಗಿ, ತಂಗಿ. ನನ್ನ ಕಡೆ ಆಗೂದಿಲ್ಲ," ಎಂದು ಸರ್ ಗೋಡೆಗೆ ಮುಖ ಮಾಡಿದರು. ಒಂದೊಂದಾಗಿ ಬೆಳಕಿಗೆ ಹಿಡಿದೆ. ಹನ್ನೆರಡರಲ್ಲೂ ತಿಳಿನೀರು. ಕೊನೆಯದನ್ನು ಮುದುಕನ ಕೈಗಿಟ್ಟೆ. ಮುದುಕನೇ ಕೂಗಿ ಹೇಳಿದ.

ಕಾರ್ಖಾನೆಯ ಪರೀಕ್ಷಾ ಕೋಣೆಗೆ ಒಬ್ಬ ಗಂಡಸನ್ನು ಕಳಿಸಿ ಎಂದು ಮಾಲೀಕರು ಕೇಳಿದಾಗ ಸರ್ ನನ್ನನ್ನು ಕಳಿಸಿದರು. "ಕ್ಷಾರಕ್ಕ ಹೆಣ್ಣು ಗಂಡು ಗೊತ್ತಾಗೂದಿಲ್ರಿ," ಎಂದರಂತೆ.

ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಸರ್ ಹೃದಯ ನಿಂತು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಚಿತೆಗೆ ಬೆಂಕಿ ಇಟ್ಟಾಗಿತ್ತು.

ಮೂವತ್ತು ವರ್ಷ ಆ ಕಾರ್ಖಾನೆಯಲ್ಲಿ ದುಡಿದೆ. ಏನೇ ಹೊಸ ವಿಧಾನ ಬರೆದರೂ ಮೊದಲು ಭಟ್ಟಿಯವರೆದುರು ಓದಿ, "ಇದರಲ್ಲಿ ನಾನು ಏನು ಬಿಟ್ಟಿದ್ದೇನೆ?" ಎಂದು ಕೇಳುತ್ತಿದ್ದೆ. ಏನಾದರೊಂದು ಬಿಟ್ಟೇ ಇರುತ್ತಿದ್ದೆ.