ಮೊಸರನ್ನದ ಬೆಕ್ಕು

ಚೆನ್ನೈನ ಅಣ್ಣಾ ನಗರದಲ್ಲಿರೋ ನನ್ನ ಕ್ಲಿನಿಕ್ಕಿಗೆ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಬೆಕ್ಕು ತಂದಿದ್ದರು. ನಡೆದರೆ ಗೋಡೆಗೆ ಢಿಕ್ಕಿ ಹೊಡೆಯುತ್ತೆ ಅಂತ ದೂರು. ಅದರ ಕಣ್ಣು ನೋಡಿದವನೇ, "ಊಟಕ್ಕೆ ಏನು ಹಾಕ್ತೀರಿ?" ಅಂದೆ.

"ಎರಡು ಹೊತ್ತೂ ಮೊಸರನ್ನ, ಡಾಕ್ಟ್ರೇ. ನಮ್ಮನೇಲಿ ಮೊಟ್ಟೆ ಕೂಡ ತರಲ್ಲ," ಅಂದರು, ಹೆಮ್ಮೆಯಿಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಮಡಿ ನಿಮ್ಮದು ಸ್ವಾಮಿ, ಬೆಕ್ಕಿನದಲ್ಲ! ಮೀನು, ಮಾಂಸ ಇಲ್ಲದಿದ್ದರೆ ಬೆಕ್ಕಿಗೆ ಕಣ್ಣೇ ಹೋಗುತ್ತೆ. ಅದು ಆಗಲ್ಲ ಅನ್ನೋರು ಮೊಲ ಸಾಕಬೇಕಿತ್ತು!"

ಅವರು ತಲೆ ತಗ್ಗಿಸಿ, ಇನ್ನು ಮೇಲೆ ಅಂಗಡಿಯಲ್ಲಿ ಸಿಗೋ ಬೆಕ್ಕಿನ ಆಹಾರವನ್ನೇ ಹಾಕ್ತೀನಿ ಅಂದರು. ನನ್ನ ಸಿಟ್ಟು ಇಳಿಯಿತು. ಬಾಗಿಲವರೆಗೆ ಹೋದವರು ತಿರುಗಿ ನಿಂತು ಭರವಸೆ ಕೊಟ್ಟರು: "ಹಸಿರು ಚುಕ್ಕಿ ಇರೋ ಪ್ಯಾಕೆಟ್ಟೇ ತರ್ತೀನಿ, ಡಾಕ್ಟ್ರೇ."

ಕಣ್ಣು ಹೋಗಿರೋದು ಬೆಕ್ಕಿಗೆ ಮಾತ್ರ ಅಂದುಕೊಂಡಿದ್ದೆ.