ಚಕ್ರದ ಮೇಲಿನ ಗೆರೆಗಳು

ಕಬ್ಬಿಣದ ಕೆಲಸ ನೋಡುವುದೆಂದರೆ ನನಗೆ ಪ್ರಾಣ. ಮಾಡಬೇಕೆಂದು ಮಾತ್ರ ಒಂದು ದಿನವೂ ಅನಿಸಿರಲಿಲ್ಲ. ವಾಡಿಯ ನಮ್ಮ ಓಣಿಯಲ್ಲಿ ರೈಲ್ವೆ ಫಿಟ್ಟರ್ ಆಗಿ ನಿವೃತ್ತರಾದ ಚಾಚಾ ಒಬ್ಬರಿದ್ದಾರೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಹಳೆಯ ಲೇತ್ ಇಟ್ಟುಕೊಂಡು, ಯಾರ ಹುಕುಮೂ ಇಲ್ಲದೆ, ತಮ್ಮ ಖುಷಿಗೆ ಸಣ್ಣದೊಂದು ಉಗಿಯಂತ್ರ ಮಾಡುತ್ತಿದ್ದರು. ಶಾಲೆಯಲ್ಲಿ ಸಮಾಜ ಪಾಠ ಹೇಳುವ ನಾನು ಭಾನುವಾರ ಬಂತೆಂದರೆ ಅಲ್ಲಿನ ಸ್ಟೂಲಿನ ಮೇಲೆ ಹಾಜರ್. ಮೊಬೈಲಿನಲ್ಲಿ ಲೇತಿನ ವಿಡಿಯೋ ನೋಡಿ ನೋಡಿ ಬಾಯಿತುಂಬ ಮಾತು ಕಲಿತಿದ್ದೆ.

"ಚಾಚಾ, ಟೂಲ್ ಜರಾ ಕೆಳಗದ ನೋಡ್ರಿ."

"ಹೌದೇನ್ರಿ ಮಾಸ್ತರ?" ಎಂದು ಅವರು ತಮ್ಮ ಪಾಡಿಗೆ ಕೆಲಸ ಮುಂದುವರಿಸುತ್ತಿದ್ದರು. ದಂಡೆಯ ಮೇಲೆ ಕುಳಿತವನಿಗೆ ಈಜು ಸುಲಭ.

ಹೋದ ವರ್ಷ ಚಾಚಾನ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿಬಿಟ್ಟರು. ಪೂರ್ತಿ ಕತ್ತಲಾಗುವ ಮೊದಲು ಯಂತ್ರ ತಿರುಗುವುದನ್ನು ನೋಡಬೇಕೆಂದು ಅವರು ಹಟ ಹಿಡಿದರು. ಉಳಿದದ್ದು ಉಕ್ಕಿನ ಚಕ್ರಕ್ಕೆ ಆರು ತೂತು ಕೊರೆಯುವ ಕೆಲಸ.

ಅಷ್ಟರಲ್ಲಿ ದಸರೆ ಬಂತು. ರೈಲ್ವೆಯಲ್ಲಿ ಎಲ್ಲರೂ ಕೂಡಿ ಮಾಡುತ್ತಿದ್ದ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ರೂಢಿಯನ್ನು ಚಾಚಾ ಮನೆಯಲ್ಲೂ ಬಿಟ್ಟಿರಲಿಲ್ಲ. ಹಿಂದಿನ ದಿನ ಹತಾರಗಳನ್ನೆಲ್ಲ ತಿಕ್ಕಿ ಇಡಬೇಕು, ಪೂಜೆಯ ದಿನ ಮುಟ್ಟಬಾರದು. "ಈ ಸಲ ನಾ ತಿಕ್ತೀನಿ, ನೀವು ಆರಾಮ ಕುಂದ್ರಿ," ಎಂದು ಅವರನ್ನು ಮನೆಯೊಳಗೆ ಕಳಿಸಿದೆ. ಸ್ಪ್ಯಾನರ್, ಸುತ್ತಿಗೆ, ಕಾನಸು ಎಲ್ಲ ಮುಗಿದ ಮೇಲೆ ಚಕ್ರ ಕಣ್ಣಿಗೆ ಬಿತ್ತು. ಮೈತುಂಬ ನೀಲಿ ಬಣ್ಣ, ಮೇಲೆ ಕೂದಲಿನಂಥ ಗೀರು. ಛೇ, ಹೊಲಸಾಗಿದೆಯಲ್ಲ ಎಂದು ಎಮರಿ ಕಾಗದ ಹಾಕಿ ತಿಕ್ಕಿದೆ. ಬೆಳ್ಳಿಯ ಹಾಗೆ ಹೊಳೆಯಿತು. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಪೂಜೆಯ ಮರುದಿನ ಚಾಚಾ ಚಕ್ರವನ್ನು ಬೆಳಕಿಗೆ ಹಿಡಿದರು. ಆಮೇಲೆ ಉಗುರು ಆಡಿಸಿದರು. "ಮಾಸ್ತರ, ಇದರ ಮ್ಯಾಲ ಗೆರಿ ಇದ್ವಲ್ರಿ?"

ಎಲ್ಲೆಲ್ಲಿ ತೂತು ಬೀಳಬೇಕೆಂದು ಆ ಮಂಜುಗಣ್ಣಿನಲ್ಲಿ ಅವರು ಒಂದು ವಾರ ಕೂತು, ಉಕ್ಕಿನ ಸೂಜಿಯಿಂದ ಕೊರೆದ ಗೆರೆಗಳಂತೆ ಅವು. ನೂರು ವಿಡಿಯೋ ನೋಡಿದ್ದೆ ನಿಜ. ಗೆರೆ ಹಾಕುವ ಭಾಗ ಬಂದರೆ ಬೇಸರವೆಂದು ಮುಂದಕ್ಕೆ ಓಡಿಸುತ್ತಿದ್ದೆ. ಕಾಲು ಹಿಡಿಯಬೇಕೋ, ಎದ್ದು ಮನೆಗೆ ಹೋಗಬೇಕೋ ತಿಳಿಯಲಿಲ್ಲ. ಅವರು ಬೈದಿದ್ದರೆ ಎಷ್ಟೋ ಬೇಸಿತ್ತು. ಬೈಯಲಿಲ್ಲ. ಗೆರೆ ಎದ್ದು ಕಾಣುವಂತೆ ಚಕ್ರಕ್ಕೆ ಮತ್ತೆ ನೀಲಿ ಸವರಿ, ಶಹಾಬಾದಿ ಪರಸಿ ಕಲ್ಲಿನ ಮೇಲಿಟ್ಟು, ಸೂಜಿಯನ್ನು ನನ್ನ ಕೈಗೆ ಕೊಟ್ಟರು.

"ನನಗ ಇನ್ನ ಕಾಣಂಗಿಲ್ಲ. ನೀವು ಹಾಕ್ರಿ."

ಅಳತೆ ಅವರು ಹೇಳಿದರು. ಪಟ್ಟಿ ಹಿಡಿದು ಎಳೆದೆ. ಗೆರೆ ತೆಳುವಾಯಿತೆನಿಸಿ ಇನ್ನೊಮ್ಮೆ ಎಳೆದೆ. ಪಟ್ಟಿ ಜರುಗಿತೋ, ಸೂಜಿ ವಾಲಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಚಾಚಾ ಉಗುರು ಆಡಿಸಿದರು. ಉಗುರು ಒಂದು ಕಡೆ ತಡೆಯಿತು, ಸ್ವಲ್ಪ ಸರಿದು ಮತ್ತೊಂದು ಕಡೆ ತಡೆಯಿತು.

"ಎರಡು ಗೆರಿ ಅವ. ಖರೇದ್ದು ಯಾವುದು?"

ಎರಡನ್ನೂ ನಾನೇ ಎಳೆದದ್ದು. ಎಷ್ಟು ಬಗ್ಗಿ ನೋಡಿದರೂ ಎರಡೂ ಸರಿಯೆನಿಸಿದವು, ಎರಡೂ ತಪ್ಪೆನಿಸಿದವು.

"ಗೊತ್ತಿಲ್ರಿ ಚಾಚಾ."

ಅವರು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿ ನಕ್ಕರು. "ಇಷ್ಟು ವರ್ಷ ಆ ಸ್ಟೂಲಿನ ಮ್ಯಾಲ ಕುಂತು ಈ ಮಾತು ಒಮ್ಮೆನೂ ಅಂದಿದ್ದಿಲ್ಲ ನೀವು," ಎಂದು, ಎಮರಿ ಕಾಗದದಿಂದ ಎರಡೂ ಗೆರೆ ತಾವೇ ತಿಕ್ಕಿ ಅಳಿಸಿ, ತಡಕಾಡಿ ನೀಲಿಯ ಡಬ್ಬಿ ಎತ್ತಿಕೊಂಡರು.